ಜಾಫ್‌ನ ಮನೆಸಿಳ್ಳೆ

ಬ್ಲೈನ್‌ಕುಮ್
ಆಗಸ್ಟ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಇಡ್ವಲ್,

ಹೇಗಿದ್ದೀಯ? ಸೊಂಟ ಹೇಗಿದೆ? ಮೊನ್ನೆ ಕೋಲು ಹಿಡಿದು ಕಾರಿಡಾರಿನ ಆ ತುದಿಯವರೆಗೂ ಹೋಗಿ, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಯಾರ ಕೈಯನ್ನೂ ಹಿಡಿಯದೆ ವಾಪಸು ಬಂದೆಯಂತೆ. ನರ್ಸ್ ಮಾರಿಸೆಲ್ ಹೇಳಿದಳು. ನೀನು ಫೋನಿಗೇ ಬರುವುದಿಲ್ಲವಾದ್ದರಿಂದ ನಿನ್ನ ಸುದ್ದಿಯನ್ನೆಲ್ಲ ನಾನು ಅವಳ ಬಾಯಿಂದಲೇ ಕೇಳಬೇಕು. ಊಟ ಸರಿಯಾಗಿ ಮಾಡುತ್ತಾನಾ ಅಂತ ಕೇಳಿದೆ. "ಮಾಡ್ತಾರೆ. ಆದ್ರೆ ಯಾವಾಗ್ಲೂ ತಟ್ಟೆ ಅಂಚಲ್ಲಿ ಒಂದು ತುಂಡು ಮಾಂಸ ಉಳಿಸ್ತಾರೆ. ಯಾಕೆ ಅಂತಾನೇ ಗೊತ್ತಾಗಲ್ಲ" ಅಂದಳು. ನನಗೆ ಗೊತ್ತಾಯಿತು. ಅವಳಿಗೆ ಹೇಳಲು ಹೋಗಲಿಲ್ಲ, ಫೋನಿನಲ್ಲಿ ಅಳುವುದು ನನಗೆ ಆಗಿಬರುವುದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿದಳು. ಬರುವ ಗುರುವಾರ ಅಲ್ಲಿಗೆ ಹಲ್ಲಿನ ಡಾಕ್ಟರು ಬರುತ್ತಾರಂತೆ, ನಿನ್ನ ಮುಂದಿನ ಹಲ್ಲಿನ ಸಂದಿಗೆ ಒಂದು ಹಲ್ಲು ಕೂರಿಸುತ್ತಾರಂತೆ. "ಕೂರಿಸ್ಲಿ ತಾಯಿ, ಪುಣ್ಯ ಬರುತ್ತೆ. ಆ ಕಿಂಡಿ ನೋಡಿ ನೋಡಿ ನನ್ನ ಅರ್ಧ ಆಯಸ್ಸು ಹೋಯ್ತು" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಒಳ್ಳೆಯ ಹುಡುಗಿ. ಅವಳ ಹತ್ತಿರ ಸಿಡುಕಬೇಡ.

ಈಗ ಕುರಿಗಳ ವಿಷಯ. ಜೂನ್‌ನಲ್ಲಿ ನಿನ್ನ ನಾಯಿ ಜಾಫ್ ಸತ್ತ ಅಂತ ನಾನು ಫೋನ್ ಮಾಡಿದ ದಿನ ನೀನು ಹೇಳಿದ್ದು ಮೂರೇ ಮಾತು. "ಕುರಿ ಮಾರ್ಬಿಡು. ನಾನಿನ್ನು ನಾಯಿ ಸಾಕಲ್ಲ. ಆ ಬೆಟ್ಟದ ಮುಖ ನೋಡಲ್ಲ." ಆಮೇಲೆ ಫೋನ್ ಇಟ್ಟುಬಿಟ್ಟೆ, ಇವತ್ತಿಗೂ ಎತ್ತಿಲ್ಲ. ಸಂತೆಯ ಹರಾಜಿನವರು ಎರಡು ಸಲ ಬಂದು ಹೋದರು. ಈ ತಿಂಗಳ ಕೊನೆಯೊಳಗೆ ಹೌದು ಅಥವಾ ಇಲ್ಲ ಅಂತ ಹೇಳಬೇಕಂತೆ. ಹೌದು ಅಂದರೆ ಸೆಪ್ಟೆಂಬರಿನಲ್ಲಿ ಲಾರಿಗಳು ಅಂಗಳಕ್ಕೆ ಬರುತ್ತವೆ. ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ಈ ಕುರಿಗಳಿಗೆ ಬೇಲಿ ಇಲ್ಲ. ಯಾವ ಗುಡ್ಡ ತಮ್ಮದು, ಯಾವ ಹಳ್ಳದ ಆಚೆ ಕಾಲಿಡಬಾರದು ಅನ್ನುವುದನ್ನು ತಾಯಿ ಮರಿಗೆ ತೋರಿಸಿ ತೋರಿಸಿ ಅಜ್ಜನ ಕಾಲದಿಂದ ಇಲ್ಲಿಯವರೆಗೆ ಬಂದಿದೆ. ಒಂದು ಸಲ ಲಾರಿ ಹತ್ತಿಸಿದರೆ, ನಾಳೆ ನಿನ್ನ ಮನಸ್ಸು ಬದಲಾಯಿತು ಅಂತ ಬೇರೆ ಕುರಿ ತಂದು ಬಿಡಲು ಆಗುವುದಿಲ್ಲ. ಆದರೆ ನಾನು ವಾದ ಮಾಡುವುದಿಲ್ಲ ಇಡ್ವಲ್. ಕುರಿ ನಿನ್ನದು, ಸೊಂಟವೂ ನಿನ್ನದು. ನಾನು ಬರೀ ಜಾಫ್ ಹೇಗೆ ಹೋದ ಅನ್ನುವುದನ್ನು ಹೇಳುತ್ತೇನೆ, ಯಾಕೆಂದರೆ ಅವತ್ತು ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಅವತ್ತು ನಮ್ಮಲ್ಲಿ ಉಣ್ಣೆ ಕತ್ತರಿಸುವ ದಿನ. ನೀನಿಲ್ಲ ಅಂತ ಯಾರೂ ತಪ್ಪಿಸಿಕೊಳ್ಳಲಿಲ್ಲ, ಕಣಿವೆಯ ಎಲ್ಲ ಮನೆಗಳಿಂದಲೂ ಬಂದಿದ್ದರು. ಪಕ್ಕದ ಮನೆಯ ಎಮ್ಲಿನ್ ತನ್ನ ಎರಡು ನಾಯಿಗಳನ್ನು ತಂದು ಬೆಳಿಗ್ಗೆಯೇ ಬೆಟ್ಟದಿಂದ ಕುರಿ ಇಳಿಸಿದ. ಜಾಫ್‌ಗೆ ಆ ಕೆಲಸ ಆಗುತ್ತಿರಲಿಲ್ಲ, ವಯಸ್ಸಾಗಿತ್ತಲ್ಲ. ಆದರೂ ಗೇಟಿನ ಹತ್ತಿರ ಕೂತು, ಎಮ್ಲಿನ್‌ನ ನಾಯಿಗಳು ಒಂದು ಕುರಿ ತಪ್ಪಿಸಿದಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದ. ಆ ಮುಖ ನಿನಗೆ ಗೊತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಮೇಜಿನ ಮೇಲೆ ಹಂದಿಮಾಂಸ, ಆಲೂಗೆಡ್ಡೆ, ರುಬಾರ್ಬ್ ಟಾರ್ಟ್, ಸುತ್ತಲೂ ಉಣ್ಣೆಯ ಜಿಡ್ಡಿನ ವಾಸನೆ ಹೊಡೆಯುವ ಗಂಡಸರು. ಜಾಫ್ ಎಂದಿನ ಹಾಗೆ ಮೇಜಿನ ಕೆಳಗೆ, ನಿನ್ನ ಕುರ್ಚಿಯ ಕಾಲಿನ ಪಕ್ಕದಲ್ಲಿ. ಎಮ್ಲಿನ್ ಯಾವುದೋ ಸ್ಪರ್ಧೆಯಲ್ಲಿ ತನ್ನ ನಾಯಿಗೆ ಹೇಗೆ ಬಹುಮಾನ ತಪ್ಪಿಹೋಯಿತು ಅಂತ ಹೇಳುತ್ತಿದ್ದ, ಎಲ್ಲರೂ ಅವನನ್ನು ರೇಗಿಸುತ್ತಿದ್ದರು. ನಾನು ಮಾಂಸದ ಅಂಚು ಕತ್ತರಿಸಿ ಮೇಜಿನ ಕೆಳಗೆ ಕೈ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿದೆ. ಹೋಗಿಬಿಟ್ಟಿದ್ದ ಕಣೋ. ಅಷ್ಟು ಜನರ ಕಾಲಿನ ನಡುವೆ, ಅಷ್ಟು ನಗುವಿನ ಕೆಳಗೆ, ಒಂದು ಸದ್ದೂ ಮಾಡದೆ. ಅವನು ಒಂಟಿಯಾಗಿ ಸಾಯಲಿಲ್ಲ ಅನ್ನುವುದು ನಿನಗೆ ಗೊತ್ತಿರಲಿ ಅಂತ ಇಷ್ಟು ಬರೆದೆ.

ಊಟ ಅಲ್ಲಿಗೇ ನಿಂತಿತು. ಗಂಡಸರೆಲ್ಲ ಟೋಪಿ ತೆಗೆದರು. ಬೆಟ್ಟದ ಗೋಡೆಯ ಬುಡದಲ್ಲಿ, ನಮ್ಮ ನಾಯಿಗಳೆಲ್ಲ ಮಲಗಿರುವಲ್ಲಿ, ಕಾರ್ಲೊ ಪಕ್ಕದಲ್ಲಿ ಗುಂಡಿ ತೋಡಿದೆವು. ಕಾರ್ಲೊಗೆ ಪಕ್ಕದಲ್ಲಿ ಇನ್ನೊಂದು ನಾಯಿ ಬಂದದ್ದು ಇಷ್ಟವಾಗಿರಲಿಕ್ಕಿಲ್ಲ. ನೆನಪಿದೆಯಾ, ಚರ್ಚಿನ ಪಾದ್ರಿಯವರು ಮೊದಲ ಸಲ ಮನೆಗೆ ಬಂದಾಗ ಅವರ ಮೀನಖಂಡ ಹಿಡಿದು ಬಿಡಲೇ ಇಲ್ಲವಲ್ಲ. ಅಮ್ಮ ನಾಚಿಕೆಯಿಂದ ಎರಡು ಭಾನುವಾರ ಪ್ರಾರ್ಥನೆಗೇ ಹೋಗಲಿಲ್ಲ. ಅಪ್ಪ ಮಾತ್ರ "ನಾಯಿದೇನು ತಪ್ಪು, ಅವ್ರು ನಡೆಯೋದೇ ಥೇಟ್ ಟಗರಿನ ಹಾಗೆ" ಅಂದುಬಿಟ್ಟರು. ಆ ಕಡೆ ಫ್ಲಾಸ್. ಪಾಪದ ಹೆಣ್ಣು, ಗುಡುಗಿದರೆ ನನ್ನ ಹಾಸಿಗೆಯ ಕೆಳಗೆ ನುಗ್ಗುತ್ತಿದ್ದಳು, ಹಿಮದಲ್ಲಿ ಹೂತ ಕುರಿಗಳನ್ನು ಮಾತ್ರ ಮೂಸಿ ಮೂಸಿ ಹುಡುಕಿ ಕೊಡುತ್ತಿದ್ದಳು. ಅವಳಿಂದಾಚೆ ಪೆರೊ, ಅಪ್ಪನ ನಾಯಿ. ನೀನು ನಡೆಯಲು ಕಲಿತದ್ದು ಅವನ ಬಾಲ ಹಿಡಿದು. ನೀನು ಬಿದ್ದಾಗ ಅವನು ನಿಂತುಕೊಳ್ಳುತ್ತಿದ್ದ, ಎದ್ದ ಮೇಲೆ ಮುಂದಕ್ಕೆ ಹೋಗುತ್ತಿದ್ದ. ನನಗೆ ಆಗ ಎಂಟೋ ಒಂಬತ್ತೋ, ಚೆನ್ನಾಗಿ ನೆನಪಿದೆ. ಗುಂಡಿ ತೋಡುತ್ತಿರುವಷ್ಟು ಹೊತ್ತೂ ನಾನು ಇದನ್ನೆಲ್ಲ ಅಲ್ಲಿದ್ದವರಿಗೆ ಹೇಳುತ್ತಲೇ ಇದ್ದೆ. ಬಾಯಿ ಮುಚ್ಚಿದರೆ ಕಣ್ಣು ಒದ್ದೆಯಾಗುತ್ತದೆ ಅಂತ ಹೆದರಿಕೆ.

ಮಣ್ಣು ಮುಚ್ಚಿದ ಮೇಲೂ ಯಾರೂ ಹೊರಡಲಿಲ್ಲ. ಸಿಳ್ಳೆ ಆಗಬೇಕಿತ್ತಲ್ಲ.

ನಮ್ಮ ಮನೆಯ ಈ ಪದ್ಧತಿಯನ್ನು ಮಾರಿಸೆಲ್‌ಗೆ ವಿವರಿಸಿದಾಗ ಅವಳು ಎರಡು ಸಲ ಕೇಳಿಸಿಕೊಂಡಳು. ಪ್ರತಿ ನಾಯಿಗೂ ಬೇರೆ ಬೇರೆ ಸಿಳ್ಳೆ, ಎರಡು ನಾಯಿ ಒಟ್ಟಿಗೆ ಬೆಟ್ಟದ ಮೇಲಿದ್ದರೂ ಯಾರನ್ನು ಕರೆದದ್ದು ಅನ್ನುವುದು ಅವಕ್ಕೆ ತಿಳಿಯಬೇಕು. ಎಡಕ್ಕೆ, ಬಲಕ್ಕೆ, ಮಲಗು, ಎಲ್ಲ ಮುಗಿದ ಮೇಲೆ ಸಂಜೆ ಗೇಟಿನಲ್ಲಿ ನಿಂತು ಹಾಕುವ ಮನೆಸಿಳ್ಳೆ, ಸಾಕು ಬಾ ಅಂತ. ನಾಯಿ ಸತ್ತರೆ ಯಜಮಾನ ಆ ಮನೆಸಿಳ್ಳೆಯನ್ನು ಗೋರಿಯ ಮುಂದೆ ಒಂದೇ ಒಂದು ಸಲ ಹಾಕುತ್ತಾನೆ. ಆಮೇಲೆ ಆ ಸಿಳ್ಳೆಯನ್ನು ಈ ಬೆಟ್ಟದಲ್ಲಿ ಯಾರೂ ಹಾಕುವ ಹಾಗಿಲ್ಲ. ಹೊಸ ನಾಯಿಗೆ ಹೊಸ ಸಿಳ್ಳೆ. ಪೆರೊಗೆ ಅಪ್ಪ ಹಾಕಿದ್ದು ನನಗೆ ನೆನಪಿದೆ. ಹಾಕಿ, ಒಳಗೆ ಬಂದು, ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಜಾಫ್‌ನ ಯಜಮಾನ ಇಲ್ಲಿರಲಿಲ್ಲ. ನನಗಂತೂ ಜನ್ಮದಲ್ಲಿ ಸಿಳ್ಳೆ ಹಾಕಲು ಬಂದಿಲ್ಲ, ಬರೀ ಉಗುಳು ಹಾರುತ್ತದೆ. ಆಗ ಎಮ್ಲಿನ್ ಮುಂದೆ ಬಂದ. "ನೆಸ್ತಕ್ಕಾ, ಇಡ್ವಲ್ ಹಾಕೋ ಸಿಳ್ಳೆ ನನಗೆ ಬಾಯಿಪಾಠ. ಹದಿಮೂರು ವರ್ಷ ಕಣಿವೆ ಆಚೆಯಿಂದ ಕೇಳಿದೀನಿ. ನಾನು ಹಾಕ್ಲಾ?" ಅಂದ. ಹೂಂ ಅಂದೆ. ಅವನು ಕುತ್ತಿಗೆಯಲ್ಲಿದ್ದ ಆ ಬೆಳ್ಳಿ ಪೀಪಿಯನ್ನು ಅಂಗಿಗೆ ಒರೆಸಿ, ಬಾಯಿಗಿಟ್ಟು ಊದಿದ. ಸ್ವರ ಸರಿಯಾಗಿತ್ತು. ಮೇಲಕ್ಕೆ ಹೋಗುವುದು, ಅಲ್ಲಿ ತಡೆದು ನಿಲ್ಲುವುದು, ಇಳಿಯುವುದು, ಎಲ್ಲ ಇತ್ತು. ಎಲ್ಲರೂ ಟೋಪಿ ಹಾಕಿಕೊಂಡು ಉಳಿದ ಕುರಿಗಳ ಕಡೆ ಹೋದರು. ನನ್ನ ಮನಸ್ಸಿಗೆ ಮಾತ್ರ ಏನೋ ಸರಿಬರಲಿಲ್ಲ. ಇಷ್ಟಕ್ಕೆಲ್ಲ ಜಾಫ್ ಏಳುತ್ತಿರಲಿಲ್ಲ ಅಂತ ಅನ್ನಿಸಿತು. ಯಾಕೆ ಅಂತ ಆಗ ಹೊಳೆಯಲಿಲ್ಲ.

ಅದೇ ಸಂಜೆ ನಿನಗೆ ಫೋನ್ ಮಾಡಿದ್ದು, ನೀನು ಆ ಮೂರು ಮಾತು ಹೇಳಿದ್ದು.

ಈಗ ಮರಿಯ ಸಮಾಚಾರ. ಜಾಫ್‌ಗೂ ಎಮ್ಲಿನ್‌ನ ನಾಯಿಗೂ ಹುಟ್ಟಿದ ಹೆಣ್ಣುಮರಿ, ನೀನೇ ನವೆಂಬರಿನಲ್ಲಿ ಕೋಟಿನೊಳಗೆ ಇಟ್ಟುಕೊಂಡು ತಂದೆಯಲ್ಲ. ಅದಕ್ಕಿನ್ನೂ ಹೆಸರಿಲ್ಲ. ಮೊದಲ ಕುರಿ ತಿರುಗಿಸುವವರೆಗೆ ಹೆಸರಿಡಬಾರದು ಅಂತ ಅಪ್ಪನ ಹಾಗೆಯೇ ನೀನೂ ಹಟ ಹಿಡಿದೆ, ಆಮೇಲೆ ಫೆಬ್ರವರಿಯ ಹಿಮದಲ್ಲಿ ಆ ನಾಲ್ಕು ಚಕ್ರದ ಬೈಕನ್ನು ಮೈಮೇಲೆ ಕೆಡವಿಕೊಂಡೆ. ನಾನು "ಏಯ್" ಅಂತಲೇ ಕರೆಯುತ್ತೇನೆ. ಆ ಚಳಿಗಾಲವಿಡೀ ಅದು ಜಾಫ್‌ನ ಬೆನ್ನು ಬಿಡಲಿಲ್ಲ. ಅವನು ಕೂತರೆ ಕೂರುವುದು, ನಿನ್ನ ಮನೆಸಿಳ್ಳೆ ಕೇಳಿ ಅವನು ಗೇಟಿಗೆ ಓಡಿದರೆ ಇದೂ ಕಿವಿ ಹಾರಿಸಿಕೊಂಡು ಹಿಂದೆಯೇ ಓಡುವುದು.

ಜಾಫ್ ಹೋದ ಮೇಲೆ ಎಮ್ಲಿನ್ ಅದನ್ನು ತಾನು ಪಳಗಿಸುತ್ತೇನೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ದಿನಾ ಸಂಜೆ ಬಂದು ಕೆಳಗಿನ ಹೊಲದಲ್ಲಿ ಪೀಪಿ ಊದಿದ. ಮರಿ ಒಂದು ಸಲವೂ ಅವನ ಕಡೆ ತಿರುಗಿ ನೋಡಲಿಲ್ಲ. ಅವನು ಊದಿ ಊದಿ ಮುಖ ಕೆಂಪಾಗಿಸಿಕೊಳ್ಳುವುದು, ಇದು ಚಿಟ್ಟೆ ಹಿಡಿಯುವುದು. ಕೊನೆಗೆ ಪೀಪಿಯನ್ನು ಜೇಬಿಗೆ ಹಾಕಿ, "ನೆಸ್ತಕ್ಕಾ, ಬೇಜಾರು ಮಾಡ್ಕೋಬೇಡ. ಇದಕ್ಕೆ ಕಿವಿ ಕೇಳಲ್ಲ. ನಮ್ಮ ಜಾತಿಯಲ್ಲಿ ಒಂದೊಂದು ಹಾಗೆ ಹುಟ್ಟುತ್ತೆ. ಯಾರಾದ್ರೂ ಪೇಟೆಯವ್ರು ಸಾಕೋಕೆ ತಗೋತಾರೆ, ಕೇಳಿ ನೋಡ್ತೀನಿ" ಅಂದ. ನಾಯಿಯ ಜಾತಿಯ ಮಾತು ಅದು, ಅವನ ಮನೆಯವರದ್ದಲ್ಲ. ಆದರೆ ನಾನು ಎರಡಕ್ಕೂ ಸೇರಿಸಿ ಎರಡು ಮಾತು ಅಂದೆ. ಅವನು ನಕ್ಕುಕೊಂಡು ಹೋದ. ನಾನೂ ಒಳಗೊಳಗೇ ಹೆದರಿದೆ. ಕಿವುಡು ಮರಿಗೆ ಬೆಟ್ಟದಲ್ಲಿ ಏನು ಕೆಲಸ? ಕುರಿ ಮಾರುವುದೇ ಸರಿಯೇನೋ ಅಂತ ಆ ವಾರವೆಲ್ಲ ನನಗೂ ಅನ್ನಿಸಿತ್ತು.

ನಂಬಿದರೆ ನಂಬು, ಬಿಟ್ಟರೆ ಬಿಡು, ಅದರ ಕಿವಿಯನ್ನು ಪತ್ತೆ ಮಾಡಿದ್ದು ನಮ್ಮ ಹಳೆಯ ಕೆಟಲ್. ಅಮ್ಮನ ಕಾಲದ್ದು, ನೀನು ಅಂಗಳದಲ್ಲಿ ಕೆಡವಿ ಅದರ ಮೂತಿ ನೆಗ್ಗಿಸಿದೆಯಲ್ಲ, ಅದೇ. ಅದಾದ ಮೇಲೆ ನಾನು ಮಗಳು ಕೊಟ್ಟ ಕರೆಂಟಿನ ಕೆಟಲನ್ನೇ ಬಳಸುತ್ತಿದ್ದೆ, ಅದು ಟಕ್ ಅಂದು ಸುಮ್ಮನಾಗುತ್ತದೆ. ಜುಲೈ ಕೊನೆಯಲ್ಲಿ ಗಾಳಿಮಳೆಗೆ ಕರೆಂಟು ಹೋಯಿತು. ಹಳೆಯದನ್ನು ತೆಗೆದು ಒಲೆಯ ಮೇಲಿಟ್ಟೆ. ನೀರು ಕಾದು ಸಿಳ್ಳೆ ಶುರುವಾಯಿತು, ಮೇಲಕ್ಕೆ ಹೋಯಿತು, ಕೊನೆಗೆ ಆ ನೆಗ್ಗಿದ ಮೂತಿಯಿಂದ "ಸ್ಸ್" ಅಂತ ಗಾಳಿ ಬಿಟ್ಟಿತು. ಒಲೆಯ ಮುಂದೆ ಸತ್ತ ಹಾಗೆ ನಿದ್ದೆ ಮಾಡುತ್ತಿದ್ದ ಮರಿ ಎದ್ದು, ಬಾಗಿಲಿಗೆ ಹಣೆ ಹೊಡೆದುಕೊಂಡು, ನಾನು ತೆರೆಯುವಷ್ಟರಲ್ಲಿ ಅಂಗಳ ದಾಟಿ ಬೆಟ್ಟದ ಗೇಟಿಗೆ ಹೋಗಿ ಕೂತಿತು. ಮಳೆಯಲ್ಲಿ. ನೀನು ನಿಲ್ಲುವ ಕಲ್ಲನ್ನು ನೋಡಿಕೊಂಡು.

ನಾನು ಶಾಲು ತಲೆಗೆ ಎಳೆದುಕೊಂಡು ಹೋಗಿ ಅದನ್ನು ಎತ್ತಿಕೊಂಡು ಬಂದೆ. ಬರುವಾಗಲೇ ಹೊಳೆಯಿತು. ನಿನ್ನ ಹಲ್ಲು ಇಡ್ವಲ್. ಹತ್ತೊಂಬತ್ತರ ವಯಸ್ಸಿನಲ್ಲಿ ಆ ಕಪ್ಪುಮೂತಿಯ ಟಗರು ನಿನ್ನ ಮುಂದಿನ ಹಲ್ಲು ಉದುರಿಸಿತಲ್ಲ. "ಇನ್ಯಾರು ಇವನಿಗೆ ಹೆಣ್ಣು ಕೊಡ್ತಾರೆ" ಅಂತ ಅಮ್ಮ ಅತ್ತದ್ದು, ಯಾರೂ ಕೊಡದೇ ಹೋದದ್ದು ಬೇರೆ ಕಥೆ. ಆದರೆ ಅವತ್ತಿನಿಂದ ನಿನ್ನ ಸಿಳ್ಳೆಯ ಕೊನೆಯಲ್ಲಿ ಆ ಸಂದಿಯಿಂದ "ಸ್ಸ್" ಅಂತ ಗಾಳಿ ಸೋರುತ್ತದೆ. ಪಾಪ ಫ್ಲಾಸ್, ಒಂದು ವಾರ ನಿನ್ನ ಗುರುತೇ ಹಿಡಿಯಲಿಲ್ಲ, ನೀನು ಸಿಳ್ಳೆ ಹಾಕಿದರೆ ಇವನ್ಯಾರೋ ಅಂತ ಅಪ್ಪನ ಕಾಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ನೀನು ಕೊಟ್ಟಿಗೆಯಲ್ಲಿ ಕೂತು ಅತ್ತೆ. ಆಮೇಲೆ ಬಂದ ಕಾರ್ಲೊ, ಜಾಫ್, ಇಬ್ಬರೂ ಆ ಗಾಳಿಯನ್ನೇ ಯಜಮಾನ ಅಂತ ತಿಳಿದವರು. ಎಮ್ಲಿನ್‌ನ ಬೆಳ್ಳಿ ಪೀಪಿಯಲ್ಲಿ ಸ್ವರವಿದೆ, ಅದು ಇಲ್ಲ. ಅವನಿಗೆ ಹಲ್ಲೆಲ್ಲ ನೆಟ್ಟಗಿವೆ.

ನಾನು ಒಂದೇ ಸಲಕ್ಕೆ ನಂಬುವವಳಲ್ಲ. ಮಾರನೆಯ ದಿನ ಕರೆಂಟು ಬಂದ ಮೇಲೂ ಹಳೆಯ ಕೆಟಲನ್ನೇ ಇಟ್ಟೆ. ಸಿಳ್ಳೆಗೆ ಮುಂಚೆ ಇಳಿಸಿದರೆ ಮರಿ ಅಲುಗುವುದಿಲ್ಲ. ಕೂಗಲು ಬಿಟ್ಟರೆ ಗೇಟಿಗೆ ಓಟ. ಎಮ್ಲಿನ್‌ನನ್ನು ಟೀ ಕುಡಿಯಲು ಬಾ ಅಂತ ಕರೆದು, ಏನೂ ಹೇಳದೆ ಕೂರಿಸಿ ಕೆಟಲ್ ಕೂಗಿಸಿದೆ. ಮರಿ ಅವನ ಮೊಣಕಾಲು ಹಾರಿಕೊಂಡು ಹೋಯಿತು. ಕಪ್ಪು ಕೈಯಲ್ಲೇ ಉಳಿಯಿತು ಅವನಿಗೆ. ಆಮೇಲೆ ಅದನ್ನು ಕೆಳಗಿಟ್ಟು "ಹಾಗಾದ್ರೆ ನಾನು ಜಾಫ್‌ಗೆ ಹಾಕಿದ್ದು..." ಅಂದ. ನಾನು, "ಹೌದಪ್ಪ, ಅದು ಜಾಫ್‌ನ ಸಿಳ್ಳೆ ಅಲ್ಲ" ಅಂದೆ. ದೊಡ್ಡ ಗಂಡಸು, ಕಣ್ಣೊರೆಸಿಕೊಂಡ. ತಪ್ಪು ತಿಳಿಯಬೇಡ ಅವನನ್ನು.

ವಾದ ಮಾಡುವುದಿಲ್ಲ ಅಂದೆ, ಈಗ ಮಾಡುತ್ತೇನೆ. ಜಾಫ್‌ಗೆ ಆಗಬೇಕಾದದ್ದು ಇನ್ನೂ ಆಗಿಲ್ಲ. ಅವನು ಗೋಡೆಯ ಬುಡದಲ್ಲಿ ಮಲಗಿದ್ದಾನೆ, ಮನೆಗೆ ಬಾ ಅಂತ ಅವನನ್ನು ಯಾರೂ ಕರೆದಿಲ್ಲ. ಈ ಮರಿ ಅವನ ಸಿಳ್ಳೆಯನ್ನು ತನ್ನದು ಅಂದುಕೊಂಡು ಗೇಟಿಗೂ ಒಲೆಗೂ ಓಡಾಡುತ್ತಿದೆ. ಅವನಿಗೆ ಕೊನೆಯ ಸಲ ಹಾಕಿ, ಇದಕ್ಕೊಂದು ಹೊಸದು ಕೊಡುವವನು ನೀನೊಬ್ಬನೇ. ಡಾಕ್ಟರು ಇನ್ನು ಬೆಟ್ಟ ಹತ್ತಬಾರದು ಅಂದರಂತೆ, ನೀನು ಅದನ್ನೇ ಹಿಡಿದುಕೊಂಡು ಕೂತಿದ್ದೀಯಂತೆ. ಬೆಟ್ಟ ಹತ್ತುವುದು ನಾಯಿಯ ಕೆಲಸ ಕಣೋ. ನಿನ್ನ ಕೆಲಸ ಗೇಟಿನಲ್ಲಿ ನಿಲ್ಲುವುದು, ಕೋಲು ಹಿಡಿದಾದರೂ ಸರಿ. ಅಪ್ಪ ಕೊನೆಯ ಆರು ವರ್ಷ ಕುರ್ಚಿ ಹಾಕಿಕೊಂಡು ಕೂತೇ ಕುರಿ ಇಳಿಸಿದರು. ಆ ಕುರ್ಚಿ ಅಟ್ಟದಲ್ಲಿದೆ, ಒಂದು ಕಾಲು ಅಲ್ಲಾಡುತ್ತದೆ ಅಷ್ಟೆ. ಇನ್ನೊಂದು ನಾಯಿಯನ್ನೂ ಮಣ್ಣಿಗಿಡುವ ಶಕ್ತಿ ನಿನಗಿಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ. ನನಗೂ ಇಲ್ಲ. ಪೆರೊ ಸತ್ತಾಗಲೂ ಇರಲಿಲ್ಲ, ಫ್ಲಾಸ್ ಸತ್ತಾಗಲೂ ಇರಲಿಲ್ಲ. ಆದರೂ ಪ್ರತಿ ಸಲ ಕೋಟಿನೊಳಗೆ ಒಂದನ್ನು ಇಟ್ಟುಕೊಂಡು ಬಂದವನು ನೀನೇ.

ಹರಾಜಿನವರಿಗೆ ನಾನಿನ್ನೂ ಏನೂ ಹೇಳಿಲ್ಲ. ಮತ್ತೆ ಬಂದರೆ ಟೀ ಕೊಟ್ಟು, ಮಳೆಯ ವಿಷಯ ಮಾತಾಡಿ ಕಳಿಸುತ್ತೇನೆ.

ಕಣಿವೆಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಪಕ್ಕದ ಹಾಸಿಗೆಯ ಮುದುಕರಿಗೆ ನನ್ನ ನಮಸ್ಕಾರ ಹೇಳು, ಅವರ ಗೊರಕೆಗೆ ಸಿಟ್ಟು ಮಾಡಬೇಡ, ನಿನ್ನದೇನು ಕಡಿಮೆಯಲ್ಲ. ಬೆನ್ನಿಗೆ ತಂಡಿ ತಾಗಿಸಿಕೊಳ್ಳಬೇಡ. ಅಮ್ಮ ಇದ್ದಿದ್ದರೆ ತಲೆ ಸವರಿ ಏನು ಹೇಳುತ್ತಿದ್ದಳೋ ಅದನ್ನು ನಾನೂ ಹೇಳುತ್ತಿದ್ದೇನೆ ಅಂತ ತಿಳಿದುಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ನೆಸ್ತಾ

ಮರೆತಿದ್ದೆ. ಸೋಮವಾರ ಬೆಳಿಗ್ಗೆ, ಅಂಚೆಯವನ ವ್ಯಾನು ಗೇಟಿಗೆ ಬಂದಾಗಿದೆ, ಅವನನ್ನು ನಿಲ್ಲಿಸಿಕೊಂಡೇ ಬರೆಯುತ್ತಿದ್ದೇನೆ. ರಾತ್ರಿ ಹಾಸಿಗೆಯಲ್ಲಿ ನೆನಪಾಗಿ ಎದ್ದು ಕೂತೆ. ಗುರುವಾರದ ಆ ಹಲ್ಲು. ಕೂರಿಸಿ ಅಂತ ನಾನೇ ಬಾಯಿ ತುಂಬ ಹೇಳಿಬಿಟ್ಟಿದ್ದೇನೆ, ನನ್ನ ಬುದ್ಧಿಗಿಷ್ಟು. ಮಾರಿಸೆಲ್‌ಗೆ ಫೋನ್ ಮಾಡಿ ಬೇಡ ಅನ್ನಬಹುದು. ಆದರೆ ಮಾಡುವುದಿಲ್ಲ, ಬಾಯಿ ನಿನ್ನದು, ಬೇಡ ಅನ್ನುವುದೂ ನಿನ್ನಿಂದಲೇ ಬರಬೇಕು. ಕುರಿ ಮಾರಬೇಕಾ ಬೇಡವಾ ಅಂತ ನೀನು ನನಗೆ ಬೇರೆ ಉತ್ತರ ಬರೆಯಬೇಕಾಗಿಲ್ಲ. ಶುಕ್ರವಾರ ಅವಳಿಗೆ ಫೋನ್ ಮಾಡಿ ಹಲ್ಲು ಹಾಕಿಸಿಕೊಂಡನಾ ಅಂತ ಕೇಳುತ್ತೇನೆ, ಅಷ್ಟರಲ್ಲೇ ನನಗೆ ತಿಳಿಯುತ್ತದೆ. ಇಡ್ವಲ್, ಗುರುವಾರ ಅವರು ಎಷ್ಟು ಹೇಳಿದರೂ ಬಾಯಿ ತೆರೆಯಬೇಡ. ಆ ಸಂದಿ ನಮಗಿನ್ನೂ ಬೇಕು.